ಹಿತ್ತಲಿನಲ್ಲಿ ಈಜುಕೊಳ: ಅಗೆತ ಶುರುವಾಗುವ ಮೊದಲು ಏನೇನು ಯೋಚಿಸಿರಬೇಕು?

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದೆ 16 ಮೀಟರ್ ಉದ್ದ, 11 ಮೀಟರ್ ಅಗಲದ ಹಿತ್ತಲಿದೆ. ಅಲ್ಲಿ ಈಜುಕೊಳ ಕಟ್ಟಿಸಬೇಕೆಂದು ಮನೆಮಂದಿಯೆಲ್ಲ ಕೂಡಿ ತೀರ್ಮಾನಿಸಿ, ಗುತ್ತಿಗೆದಾರರೊಬ್ಬರಿಂದ ನಕ್ಷೆಯನ್ನೂ ಬರೆಸಿದ್ದೇವೆ. ಕೊಳದ ಉದ್ದ 10 ಮೀಟರ್, ಅಗಲ 5 ಮೀಟರ್. ಒಂದು ತುದಿಯಲ್ಲಿ ಆಳ 1 ಮೀಟರ್, ಇನ್ನೊಂದು ತುದಿಯಲ್ಲಿ 2.4 ಮೀಟರ್. ಅಂಚುಗಳು ನೇರವಾಗಿಲ್ಲ, ಬಳ್ಳಿಯಂತೆ ಬಾಗಿವೆ. ಹಿತ್ತಲಿನ ಮೂಲೆಯಲ್ಲಿರುವ ದೊಡ್ಡ ಮರದ ನೆರಳು ಮಧ್ಯಾಹ್ನದ ನಂತರ ಕೊಳದ ಮೇಲೆ ಬೀಳುವಂತೆ ಜಾಗ ಗುರುತಿಸಿದ್ದಾರೆ. ಪಂಪು ಮತ್ತು ಫಿಲ್ಟರ್ ಮಲಗುವ ಕೋಣೆಯ ಕಿಟಕಿಯ ಕೆಳಗೆ ಬರುತ್ತವೆ.

ಮನೆಯಲ್ಲಿ 4 ಮತ್ತು 9 ವರ್ಷದ ಇಬ್ಬರು ಮಕ್ಕಳಿದ್ದಾರೆ. ಎಪ್ಪತ್ತು ದಾಟಿದ ನನ್ನ ತಾಯಿಗೂ ಮಂಡಿನೋವಿಗೆ ನೀರಿನಲ್ಲಿ ನಡೆಯುವ ಅಭ್ಯಾಸ ಒಳ್ಳೆಯದೆಂದು ವೈದ್ಯರು ಹೇಳಿದ್ದಾರೆ. ಒಮ್ಮೆ ಕಾಂಕ್ರೀಟ್ ಹಾಕಿದ ಮೇಲೆ ತಿದ್ದಲು ಬರುವುದಿಲ್ಲ ಎಂಬ ಅಳುಕು ನನ್ನನ್ನು ಕಾಡುತ್ತಿದೆ. ಕೊಳ ಕಟ್ಟಿಸಿ ಹಲವು ವರ್ಷ ಬಳಸಿದವರು, ಕಟ್ಟುವ ಮತ್ತು ನೋಡಿಕೊಳ್ಳುವ ಕೆಲಸ ಬಲ್ಲವರು, ಯಾವುದನ್ನು ಬೇರೆ ರೀತಿ ಮಾಡಬೇಕಿತ್ತು ಎಂದು ನಿಮಗೆ ಅನ್ನಿಸಿದೆಯೋ ಅದನ್ನು ದಯವಿಟ್ಟು ತಿಳಿಸಿ.

ಹನ್ನೆರಡು ವರ್ಷಗಳಿಂದ ಕೊಳವಿರುವ ಮನೆಯವರು

ನಿಮ್ಮ ನಕ್ಷೆಯನ್ನು ಓದುವಾಗ ನಮ್ಮದೇ ಹಳೆಯ ನಕ್ಷೆಯನ್ನು ಮತ್ತೆ ಕಂಡಂತಾಯಿತು. ನಾವೂ ಒಂದು ತುದಿಯನ್ನು 2.4 ಮೀಟರ್ ಆಳ ಮಾಡಿಸಿದೆವು. ಮೊದಲ ಬೇಸಿಗೆಯಲ್ಲಿ ನಾಲ್ಕಾರು ಬಾರಿ ಅಲ್ಲಿಗೆ ಹೋದೆವು. ಆಮೇಲೆ ಎಲ್ಲರೂ ಕಾಲು ನಿಲ್ಲುವ ಭಾಗದಲ್ಲಿಯೇ ಸೇರತೊಡಗಿದರು. ಚೆಂಡಾಟ, ಮಾತುಕತೆ, ಮಕ್ಕಳಿಗೆ ಕಲಿಸುವುದು ಎಲ್ಲವೂ ಅಲ್ಲಿಯೇ ನಡೆಯುತ್ತದೆ. ಆಳದ ಭಾಗದಲ್ಲಿ ಯಾರೂ ಇರುವುದಿಲ್ಲ, ಆದರೆ ಅಲ್ಲಿನ ನೀರನ್ನೂ ಶುದ್ಧ ಮಾಡುತ್ತಲೇ ಇರಬೇಕು.

ಲೆಕ್ಕ ಹಾಕಿ ನೋಡಿ. 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.7 ಮೀಟರ್ ಆಳ ಎಂದರೆ 85 ಘನ ಮೀಟರ್, ಅಂದರೆ 85,000 ಲೀಟರ್ ನೀರು. ಅದೇ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳವಾದರೆ 41,600 ಲೀಟರ್, ಅರ್ಧಕ್ಕಿಂತಲೂ ತುಸು ಕಡಿಮೆ. ಕ್ಲೋರಿನ್, ಪಂಪು ಓಡುವ ಹೊತ್ತು, ನೀರು ಬಿಸಿ ಮಾಡುವುದಾದರೆ ಅದರ ಖರ್ಚು, ಇವೆಲ್ಲವೂ ಈ ಸಂಖ್ಯೆಯ ಬೆನ್ನಿಗೇ ಹೋಗುತ್ತವೆ.

ನಮ್ಮ ಎರಡನೆಯ ಪಶ್ಚಾತ್ತಾಪ ಇನ್ನೂ ದೊಡ್ಡದು. ಕೊಳವನ್ನು ದೊಡ್ಡದು ಮಾಡುವ ಉತ್ಸಾಹದಲ್ಲಿ ಸುತ್ತಲಿನ ನೆಲಹಾಸಿಗೆ ಒಂದು ಮೀಟರ್ ಕೂಡ ಬಿಡಲಿಲ್ಲ. ನೀರಿಗೆ ಇಳಿದವರಿಗಿಂತ ದಡದಲ್ಲಿ ಕೂತವರೇ ಹೆಚ್ಚು ಹೊತ್ತು ಅಲ್ಲಿರುತ್ತಾರೆ ಎಂಬುದು ನಮಗೆ ತಡವಾಗಿ ತಿಳಿಯಿತು. ಎರಡು ಕುರ್ಚಿ ಹಾಕಿದರೆ ದಾಟಲು ದಾರಿಯಿಲ್ಲ. ಒದ್ದೆ ಟವೆಲ್ಲು ಹರವಲು ಜಾಗವಿಲ್ಲ. ನಿಮಗೆ ನನ್ನ ಸಲಹೆ ಇಷ್ಟೇ: ಹಗ್ಗ ಮತ್ತು ಗೂಟಗಳಿಂದ ನೆಲದ ಮೇಲೆ ಕೊಳದ ಗಾತ್ರವನ್ನು ಗುರುತಿಸಿ, ಕುರ್ಚಿಗಳನ್ನು ಹಾಕಿ, ಒಂದು ವಾರ ಅದರ ಸುತ್ತ ಓಡಾಡಿ ನೋಡಿ. ಮೂರು ಬದಿಗಳಲ್ಲಿ ಕನಿಷ್ಠ 1.2 ಮೀಟರ್, ಕೂರುವ ಬದಿಯಲ್ಲಿ 3 ಮೀಟರ್ ಉಳಿಯದಿದ್ದರೆ ಕೊಳವನ್ನೇ ಕಿರಿದು ಮಾಡಿ.

ಈಜು ಕಲಿಸುವವರು

ಆಳದ ವಿಷಯದಲ್ಲಿ ಮೇಲಿನವರ ಮಾತು ನಿಜ, ಆದರೆ ತೀರಾ ಕಡಿಮೆ ಆಳವೂ ತೊಂದರೆಯೇ. 1 ಮೀಟರ್ ನೀರಿನಲ್ಲಿ ವಯಸ್ಕರು ಈಜುವಾಗ ಕೈ ಕಾಲು ತಳಕ್ಕೆ ತಾಗುತ್ತವೆ, ತಿರುಗುವುದು ಕಷ್ಟ. ನಿಮ್ಮ ಮನೆಗೆ ಒಂದು ತುದಿಯಲ್ಲಿ 1.1 ಮೀಟರ್, ಇನ್ನೊಂದು ತುದಿಯಲ್ಲಿ 1.5 ಮೀಟರ್, ನಡುವೆ ಕಣ್ಣಿಗೆ ಕಾಣದಷ್ಟು ನಿಧಾನವಾದ ಇಳಿಜಾರು ಇದ್ದರೆ ಎಲ್ಲರಿಗೂ ಹೊಂದುತ್ತದೆ. ನಡುವೆ ಥಟ್ಟನೆ ಇಳಿಯುವ ತಳವನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಈಜು ಬಾರದವರು ಕಾಲು ಸಿಗುತ್ತದೆಂದು ನಡೆಯುತ್ತಾ ಹೋಗಿ ಆಪತ್ತಿಗೆ ಸಿಲುಕುವುದು ಅಂಥ ಕಡೆಯಲ್ಲಿಯೇ.

2.4 ಮೀಟರ್ ಇದ್ದರೆ ತಲೆ ಮುಂದಾಗಿ ಧುಮುಕಬಹುದು ಎಂದು ಭಾವಿಸಿದ್ದರೆ ಆ ಎಣಿಕೆಯನ್ನು ಕೈಬಿಡಿ. ಧುಮುಕಿದವರು ನೇರ ಕೆಳಕ್ಕೆ ಹೋಗುವುದಿಲ್ಲ, ಮುಂದಕ್ಕೆ ಸಾಗುತ್ತಾ ಕೆಳಗಿಳಿಯುತ್ತಾರೆ. ಮನೆಯ ಕೊಳದಲ್ಲಿ ಅಷ್ಟರೊಳಗೆ ತಳ ಮೇಲಕ್ಕೆ ಏರಿಬಂದಿರುತ್ತದೆ. ಕತ್ತಿನ ಮೂಳೆಗೆ ಪೆಟ್ಟಾದರೆ ಜೀವನವಿಡೀ ಹಾಸಿಗೆ ಹಿಡಿಯಬೇಕಾಗಬಹುದು. ಮನೆಯ ಕೊಳದಲ್ಲಿ ಧುಮುಕುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ.

ಬಾಗಿದ ಆಕಾರದ ಬಗ್ಗೆಯೂ ಒಂದು ಮಾತು. ಕಾಗದದ ಮೇಲೆ ಅದು ಚೆನ್ನಾಗಿ ಕಾಣುತ್ತದೆ. ನೀರಿಗಿಳಿದಾಗ ಮಾತ್ರ ನೇರವಾಗಿ ಈಜಲು ಸಿಗುವ ಉದ್ದ ಎರಡು ಮೀಟರ್ ಕಡಿಮೆಯಾಗಿರುತ್ತದೆ. ಒಬ್ಬರು ಆರಾಮವಾಗಿ ಈಜಲು 2 ರಿಂದ 2.5 ಮೀಟರ್ ಅಗಲದ, ಎರಡೂ ತುದಿಯಲ್ಲಿ ನೇರ ಗೋಡೆಯಿರುವ ಪಟ್ಟಿಯೊಂದು ಅಡೆತಡೆಯಿಲ್ಲದೆ ಸಿಗಬೇಕು. ಮೆಟ್ಟಿಲುಗಳು ಮತ್ತು ಕೂರುವ ಜಗಲಿ ಆ ಪಟ್ಟಿಯೊಳಗೆ ಚಾಚಿಕೊಂಡಿರಬಾರದು.

ನಿಮ್ಮ ತಾಯಿಯವರಿಗಾಗಿ ಏಣಿಯ ಬದಲು ನಿಜವಾದ ಮೆಟ್ಟಿಲು ಬೇಕು. ಮೆಟ್ಟಿಲಿನ ಅಗಲ 30 ಸೆಂಟಿಮೀಟರ್, ಎತ್ತರ 15 ರಿಂದ 18 ಸೆಂಟಿಮೀಟರ್, ಎಲ್ಲ ಮೆಟ್ಟಿಲುಗಳೂ ಒಂದೇ ಎತ್ತರ, ಒಂದು ಬದಿಯಲ್ಲಿ ಗಟ್ಟಿ ಹಿಡಿಕಂಬಿ. ಪ್ರತಿ ಮೆಟ್ಟಿಲಿನ ಅಂಚಿಗೆ ಗಾಢ ಬಣ್ಣದ ಟೈಲ್ಸ್‌ ಪಟ್ಟಿ ಹಾಕಿಸಿ. ನೀರೊಳಗೆ ಅಂಚು ಎಲ್ಲಿ ಮುಗಿಯುತ್ತದೆಂದು ವಯಸ್ಸಾದವರ ಕಣ್ಣಿಗೆ ಸುಲಭವಾಗಿ ತಿಳಿಯುವುದಿಲ್ಲ. ತಳದ ಬಣ್ಣ ಮಾತ್ರ ತಿಳಿಯಾಗಿರಲಿ. ಕಡುನೀಲಿ ಅಥವಾ ಕಪ್ಪು ತಳದ ಕೊಳದಲ್ಲಿ ಮುಳುಗಿದ ಮಗು ಕಾಣಿಸುವುದು ಕಷ್ಟ. ಸೊಗಸಿಗಾಗಿ ಅದನ್ನು ಆರಿಸಿಕೊಂಡವರಿಗೆಲ್ಲ ನಾನು ಈ ಮಾತನ್ನು ಹೇಳುತ್ತೇನೆ.

ಕಟ್ಟಡ ಎಂಜಿನಿಯರ್

ಆಕಾರ, ಆಳಗಳ ಚರ್ಚೆಗೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ನಿಮ್ಮ ಹಿತ್ತಲಿನಲ್ಲಿ ಅಂತರ್ಜಲ ಎಷ್ಟು ಆಳದಲ್ಲಿದೆ? ಅತಿ ಹೆಚ್ಚು ಮಳೆಯಾಗುವ ತಿಂಗಳಲ್ಲಿ ಅದು ಎಲ್ಲಿಯವರೆಗೆ ಏರುತ್ತದೆ? ಒಣ ಕಾಲದಲ್ಲಿ ಅಗೆದು, ನೀರು ಕಾಣಲಿಲ್ಲವೆಂದು ನಿಶ್ಚಿಂತರಾದವರು ಅನೇಕರಿದ್ದಾರೆ.

ಕೊಳವನ್ನು ಖಾಲಿ ಮಾಡಿದಾಗ ಅದು ನೆಲದೊಳಗೆ ಹೂತ ದೋಣಿಯಂತೆ ವರ್ತಿಸುತ್ತದೆ. 8 ಮೀಟರ್ ಉದ್ದ, 4 ಮೀಟರ್ ಅಗಲದ ತಳದ ವಿಸ್ತೀರ್ಣ 32 ಚದರ ಮೀಟರ್. ಸುತ್ತಲಿನ ಮಣ್ಣಿನಲ್ಲಿ ನೀರು ತಳದ ಅಡಿಭಾಗಕ್ಕಿಂತ ಒಂದು ಮೀಟರ್ ಮೇಲಕ್ಕೆ ಬಂದರೆ ಸಾಕು, ತಳವನ್ನು ಮೇಲಕ್ಕೆ ನೂಕುವ ಬಲ 32 ಟನ್ ಆಗುತ್ತದೆ. 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಳ ಮತ್ತು ಗೋಡೆಗಳ ತೂಕವನ್ನು ಕೂಡಿಸಿದರೆ ಹೆಚ್ಚುಕಡಿಮೆ 33 ಟನ್ ಬರುತ್ತದೆ. ತಕ್ಕಡಿ ಅಲ್ಲಿಗೆ ಸಮವಾಯಿತು. ಇನ್ನು ಒಂದು ಗೇಣು ನೀರು ಏರಿದರೆ ಕೊಳ ಮೇಲಕ್ಕೆ ಏಳಬಹುದು, ತಳ ಬಿರಿಯಬಹುದು, ಪೈಪುಗಳು ಕಿತ್ತುಬರಬಹುದು. ತುಂಬಿದ ಕೊಳದೊಳಗಿನ ನೀರೇ ಅದನ್ನು ಹಿಡಿದಿಟ್ಟಿರುತ್ತದೆ, ಆದ್ದರಿಂದ ಈ ಅಪಾಯ ಕಾಣಿಸಿಕೊಳ್ಳುವುದು ತೊಳೆಯಲೆಂದೋ ಟೈಲ್ಸ್ ದುರಸ್ತಿಗೆಂದೋ ಮಳೆಗಾಲದಲ್ಲಿ ಖಾಲಿ ಮಾಡಿದಾಗ.

ಇದಕ್ಕೆ ಪರಿಹಾರಗಳು ಸರಳ, ಆದರೆ ಕಾಂಕ್ರೀಟ್ ಹಾಕುವ ಮೊದಲೇ ಆಗಬೇಕು. ತಳದ ಕೆಳಗೆ ಜಲ್ಲಿಯ ಹಾಸು, ಅದರಲ್ಲಿ ತೂತುಗಳಿರುವ ಪೈಪು, ಆ ಪೈಪು ಬಂದು ಸೇರುವ ಒಂದು ಸಣ್ಣ ಗುಂಡಿ, ಕೊಳದ ತಳದಲ್ಲಿ ಹೊರಗಿನ ಒತ್ತಡ ಹೆಚ್ಚಾದಾಗ ತಾನಾಗಿ ತೆರೆದುಕೊಂಡು ನೀರನ್ನು ಒಳಕ್ಕೆ ಬಿಡುವ ವಾಲ್ವ್. ಗುಂಡಿಯ ಮೂಲಕ ಅಂತರ್ಜಲದ ಮಟ್ಟವನ್ನು ನೋಡಿಕೊಂಡು, ಅಗತ್ಯವಿದ್ದರೆ ಪಂಪಿನಿಂದ ತೆಗೆದು, ಆಮೇಲೆ ಕೊಳವನ್ನು ಖಾಲಿ ಮಾಡಬಹುದು.

ಎರಡನೆಯದು ಮನೆಯ ಪಾಯ. ಪಾಯದ ತಳದ ಅಂಚಿನಿಂದ 45 ಡಿಗ್ರಿಯಲ್ಲಿ ಕೆಳಕ್ಕೆ ಒಂದು ಗೆರೆ ಎಳೆದುಕೊಳ್ಳಿ. ನಿಮ್ಮ ಅಗೆತ ಆ ಗೆರೆಯನ್ನು ದಾಟಿದರೆ ಪಾಯಕ್ಕೆ ಆಸರೆಯಾಗಿರುವ ಮಣ್ಣನ್ನು ಮುಟ್ಟಿದಂತೆ. ಇದು ಸ್ಥೂಲವಾದ ಅಳತೆ, ಮಣ್ಣಿನ ಗುಣದ ಮೇಲೆ ಬದಲಾಗುತ್ತದೆ. ಅದರಲ್ಲಿಯೂ ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುವ ಜೇಡಿಮಣ್ಣಿದ್ದರೆ ಮಣ್ಣು ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ. ನೆಲದಡಿಯ ಒಳಚರಂಡಿ ಪೈಪು, ಕುಡಿಯುವ ನೀರಿನ ಪೈಪು, ವಿದ್ಯುತ್ ಕೇಬಲ್ ಎಲ್ಲಿ ಹಾದುಹೋಗಿವೆ ಎಂಬುದನ್ನೂ ಈಗಲೇ ಗುರುತಿಸಿಟ್ಟುಕೊಳ್ಳಿ.

ಅಗೆದ ಮಣ್ಣು ಎಲ್ಲಿಗೆ ಹೋಗುತ್ತದೆಂದು ಯಾರೂ ಯೋಚಿಸಿರುವುದಿಲ್ಲ. 8 ಮೀಟರ್ ಉದ್ದದ ಕೊಳಕ್ಕೆ ಕೆಲಸದ ಜಾಗವನ್ನೂ ಸೇರಿಸಿ 9 ಮೀಟರ್, 5 ಮೀಟರ್, 1.7 ಮೀಟರ್ ಅಗೆದರೆ 76 ಘನ ಮೀಟರ್ ಆಯಿತು. ಅಗೆದ ಮಣ್ಣು ಸಡಿಲವಾಗಿ ಕಾಲುಭಾಗದಷ್ಟು ಹಿಗ್ಗುತ್ತದೆ, ಅಂದರೆ 95 ಘನ ಮೀಟರ್ ರಾಶಿ. ಅಗೆಯುವ ಯಂತ್ರ ಒಳಗೆ ಬರಲು, ಲಾರಿ ನಿಲ್ಲಲು ಮನೆಯ ಪಕ್ಕದಲ್ಲಿ ದಾರಿಯಿದೆಯೇ?

ಕೊನೆಯದಾಗಿ, ಕಾಂಕ್ರೀಟಿಗೆ ಅದರ ಸಮಯ ಕೊಡಿ. ಕಾಂಕ್ರೀಟಿನ ಬಲವನ್ನು 28 ದಿನಗಳ ಲೆಕ್ಕದಲ್ಲಿ ಅಳೆಯುವುದು ರೂಢಿ. ಮೊದಲ ವಾರಗಳಲ್ಲಿ ಅದನ್ನು ಒದ್ದೆಯಾಗಿಟ್ಟು ಕ್ಯೂರಿಂಗ್ ಮಾಡಲೇಬೇಕು. ವಾಟರ್‌ಪ್ರೂಫಿಂಗ್‌ಗೂ ಟೈಲ್ಸ್‌ಗೂ ಮೊದಲು ಬರಿ ಕಾಂಕ್ರೀಟಿಗೆ ನೀರು ತುಂಬಿಸಿ, ಮಟ್ಟವನ್ನು ಗುರುತು ಮಾಡಿ, ಕೆಲವು ದಿನ ಕಾಯಿರಿ. ಪಕ್ಕದಲ್ಲಿಯೇ ನೀರು ತುಂಬಿದ ಒಂದು ಬಕೆಟ್ ಇಡಿ. ಬಕೆಟ್ಟಿನಲ್ಲಿ ಇಳಿದದ್ದು ಆವಿಯಾದ ನೀರು. ಕೊಳದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ, ಹೊಸ ಕಾಂಕ್ರೀಟು ಮೊದಲ ದಿನಗಳಲ್ಲಿ ಹೀರುವ ಅಲ್ಪ ನೀರನ್ನು ಬಿಟ್ಟು, ಅದು ಸೋರಿಕೆ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಅಂತರ್ಜಲದ ಬಗ್ಗೆ ಗುತ್ತಿಗೆದಾರರನ್ನು ಕೇಳಿದಾಗ, ಹಾಗಾದರೆ ಕಾರ್ಖಾನೆಯಲ್ಲಿ ಸಿದ್ಧವಾಗಿ ಬರುವ ಫೈಬರ್‌ಗ್ಲಾಸ್ ತೊಟ್ಟಿಯನ್ನು ಕೂರಿಸೋಣ, ಅದಕ್ಕೆ ಈ ತೊಂದರೆಯಿಲ್ಲ ಎಂದರು. ಅದು ಸರಿಯೇ? ಪೈಪುಗಳಿಗೆ 40 ಮಿಲಿಮೀಟರ್ ಸಾಕು ಎಂದೂ ಹೇಳಿದರು.

ಕಟ್ಟಡ ಎಂಜಿನಿಯರ್

ಸರಿಯಲ್ಲ. ಫೈಬರ್‌ಗ್ಲಾಸ್ ತೊಟ್ಟಿ ಕಾಂಕ್ರೀಟಿಗಿಂತ ಎಷ್ಟೋ ಪಟ್ಟು ಹಗುರ, ಆದ್ದರಿಂದ ಖಾಲಿಯಿದ್ದಾಗ ಅದು ಇನ್ನೂ ಬೇಗ ತೇಲುತ್ತದೆ. ಅದರ ಅನುಕೂಲಗಳು ಬೇರೆ: ಬೇಗ ಕೂರಿಸಬಹುದು, ಮೈ ನುಣುಪಾಗಿರುವುದರಿಂದ ಪಾಚಿ ಹಿಡಿಯುವುದು ಕಡಿಮೆ, ಟೈಲ್ಸ್ ಸಂದುಗಳಲ್ಲಿ ತುಂಬುವ ಗ್ರೌಟ್ ಉದುರುವ ಚಿಂತೆಯಿಲ್ಲ. ಕೂರಿಸುವಾಗ ಒಳಗೆ ನೀರು ತುಂಬಿಸುವುದೂ ಹೊರಗಡೆ ಜಲ್ಲಿ ಅಥವಾ ಮರಳು ತುಂಬುವುದೂ ಒಟ್ಟೊಟ್ಟಿಗೆ, ಒಂದೇ ಮಟ್ಟದಲ್ಲಿ ಮೇಲೇರಬೇಕು. ಇಲ್ಲವಾದರೆ ಗೋಡೆ ಉಬ್ಬುತ್ತದೆ. ಯಾವ ಬಗೆಯ ಕೊಳವಾದರೂ ತಳದ ಜಲ್ಲಿ ಹಾಸು ಮತ್ತು ನೀರು ನೋಡುವ ಗುಂಡಿ ಇರಲಿ. ಪೈಪಿನ ಮಾತನ್ನು ಅದರಲ್ಲಿ ಪಳಗಿದವರಿಗೇ ಬಿಡುತ್ತೇನೆ.

ಪಂಪು ಮತ್ತು ಫಿಲ್ಟರ್ ದುರಸ್ತಿ ಮಾಡುವವರು

ಮನೆಯ ಕೊಳದ ನೀರೆಲ್ಲ ಎಂಟು ಗಂಟೆಗಳಲ್ಲಿ ಒಮ್ಮೆ ಫಿಲ್ಟರಿನ ಮೂಲಕ ಹಾದುಬರಬೇಕು ಎಂದಿಟ್ಟುಕೊಳ್ಳೋಣ. ನಿಮ್ಮ ಮೊದಲ ನಕ್ಷೆಯ 85,000 ಲೀಟರಿಗೆ ಗಂಟೆಗೆ 10,600 ಲೀಟರ್ ಹರಿವು ಬೇಕು. 40 ಮಿಲಿಮೀಟರ್ ಒಳಅಳತೆಯ ಪೈಪಿನಲ್ಲಿ ಅಷ್ಟು ನೀರು ಸೆಕೆಂಡಿಗೆ 2.3 ಮೀಟರಿಗೂ ಹೆಚ್ಚು ವೇಗದಲ್ಲಿ ಓಡಬೇಕಾಗುತ್ತದೆ. ಪಂಪು ಹೀರುವ ಬದಿಯಲ್ಲಿ ಸೆಕೆಂಡಿಗೆ 1.8 ಮೀಟರ್ ದಾಟಬಾರದೆಂಬುದು ನಮ್ಮ ಕೆಲಸದಲ್ಲಿ ರೂಢಿಯ ಮಿತಿ. ಚಿಕ್ಕ ಕೊಳಕ್ಕೆ 40 ಮಿಲಿಮೀಟರ್ ಹೇಗೋ ಸಾಲುತ್ತದೆ. ಆದರೂ 50ಕ್ಕೆ ಹೋಗಿ ಎನ್ನುತ್ತೇನೆ, ಏಕೆಂದರೆ ಒಂದೇ ಹರಿವಿಗೆ ಪೈಪಿನೊಳಗಿನ ಘರ್ಷಣೆ 40ರಲ್ಲಿ ಇರುವುದರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಮತ್ತು ಫಿಲ್ಟರನ್ನು ಬ್ಯಾಕ್‌ವಾಶ್ ಮಾಡುವಾಗ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವಾಗ, ಹೆಚ್ಚು ಹರಿವು ಬೇಕೇ ಬೇಕು. ಪಂಪನ್ನು ಹತ್ತು ವರ್ಷಕ್ಕೊಮ್ಮೆ ಬದಲಾಯಿಸಬಹುದು. ಕಾಂಕ್ರೀಟಿನೊಳಗಿನ ಪೈಪನ್ನು ಬದಲಾಯಿಸಲು ನೆಲಹಾಸನ್ನೆಲ್ಲ ಒಡೆಯಬೇಕು.

ಪಂಪು ವೇಗ ಬದಲಿಸಬಲ್ಲ ಬಗೆಯದಾಗಿರಲಿ. ಅರ್ಧ ವೇಗದಲ್ಲಿ ಓಡಿಸಿದರೆ ಹರಿವು ಅರ್ಧವಾಗುತ್ತದೆ, ಬೇಕಾಗುವ ಶಕ್ತಿ ಮಾತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ದುಪ್ಪಟ್ಟು ಹೊತ್ತು ಓಡಿಸಿದರೂ ಒಟ್ಟು ವಿದ್ಯುತ್ತು ಲೆಕ್ಕದ ಪ್ರಕಾರ ಕಾಲುಭಾಗ ಸಾಕು; ನಿಜದಲ್ಲಿ ಉಳಿತಾಯ ತುಸು ಕಡಿಮೆಯಾದರೂ ಕಣ್ಣಿಗೆ ಕಾಣುವಷ್ಟು ಇರುತ್ತದೆ. ಸದ್ದೂ ತಗ್ಗುತ್ತದೆ. ಹಾಗೆಂದು ಮಲಗುವ ಕೋಣೆಯ ಕಿಟಕಿಯ ಕೆಳಗೆ ಇಡುವುದು ಬೇಡ. ನೆರಳಿರುವ, ಮಳೆನೀರು ನಿಲ್ಲದ, ಸುತ್ತಲೂ ಒಬ್ಬರು ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುವಷ್ಟು ಜಾಗವಿರುವ ಕಟ್ಟೆಯ ಮೇಲೆ ಕೂರಿಸಿ. ಗೋಡೆಗೆ ಒತ್ತಿ ಕೂರಿಸಿದ ಫಿಲ್ಟರಿನ ವಾಲ್ವ್ ಬಿಚ್ಚಲು ಗೋಡೆಯನ್ನೇ ಕೆತ್ತಬೇಕಾಗಿ ಬಂದ ಮನೆಗಳನ್ನು ನಾನು ಕಂಡಿದ್ದೇನೆ. ಮರಳಿನ ಫಿಲ್ಟರಾದರೆ ಪ್ರತಿ ಬ್ಯಾಕ್‌ವಾಶಿಗೂ ನೂರಾರು ಲೀಟರ್ ಕೊಳೆನೀರು ಹೊರಬೀಳುತ್ತದೆ. ಅದು ಎಲ್ಲಿಗೆ ಹರಿಯಬೇಕೆಂದು ನಕ್ಷೆಯಲ್ಲಿಯೇ ಬರೆದಿರಬೇಕು.

ನೀರಿನ ಮೇಲೆ ತೇಲುವ ಕಸವನ್ನು ಒಳಗೆಳೆದುಕೊಳ್ಳುವ ಸ್ಕಿಮ್ಮರಿನ ಜಾಗ ಗಾಳಿಯನ್ನು ನೋಡಿ ನಿರ್ಧಾರವಾಗಲಿ. ವರ್ಷದ ಹೆಚ್ಚು ದಿನ ಗಾಳಿ ಯಾವ ಕಡೆಗೆ ಬೀಸುತ್ತದೋ ತೇಲುವ ಎಲೆ, ಧೂಳು ಆ ಬದಿಗೇ ಹೋಗಿ ಸೇರುತ್ತವೆ. ಸ್ಕಿಮ್ಮರಿನ ಬಾಯಿ ಅಲ್ಲಿಯೇ ಇರಬೇಕು. ಶುದ್ಧವಾದ ನೀರು ಮರಳಿ ಬರುವ ಬಾಯಿಗಳು ಎದುರು ಬದಿಯಲ್ಲಿದ್ದು ನೀರನ್ನು ಸ್ಕಿಮ್ಮರಿನತ್ತ ನೂಕುವಂತಿರಲಿ. ಮೆಟ್ಟಿಲಿನ ಹಿಂದೆ, ಜಗಲಿಯ ಮೂಲೆಯಲ್ಲಿ ನೀರು ಚಲಿಸದೆ ನಿಂತರೆ ಪಾಚಿ ಮೊದಲು ಹುಟ್ಟುವುದು ಅಲ್ಲಿಯೇ.

ತಳದ ತೂಬಿನ ವಿಷಯದಲ್ಲಿ ನಾನು ಯಾವ ರಾಜಿಯನ್ನೂ ಒಪ್ಪುವುದಿಲ್ಲ. ಒಂದೇ ತೂಬು ಇಟ್ಟು ಅದನ್ನು ನೇರವಾಗಿ ಪಂಪಿಗೆ ಜೋಡಿಸಬಾರದು. 20 ಸೆಂಟಿಮೀಟರ್ ಚೌಕದ ಬಾಯಿಯನ್ನು ಮಗುವಿನ ಬೆನ್ನು ಮುಚ್ಚಿತೆಂದರೆ, ಪಂಪು ವಾತಾವರಣದ ಒತ್ತಡದ ಅರ್ಧದಷ್ಟು ಹೀರಿದರೂ 200 ಕಿಲೋ ತೂಕದ ಬಲ ಹಿಡಿದೆಳೆಯುತ್ತದೆ. ದೊಡ್ಡವರು ಇಬ್ಬರು ಸೇರಿ ಎಳೆದರೂ ಬಿಡಿಸಲಾಗುವುದಿಲ್ಲ. ಕನಿಷ್ಠ 90 ಸೆಂಟಿಮೀಟರ್ ಅಂತರದಲ್ಲಿ ಎರಡು ತೂಬುಗಳು ಒಂದೇ ಪೈಪಿಗೆ ಸೇರಿರಬೇಕು, ಎರಡರ ಮೇಲೂ ಕೂದಲು ಮತ್ತು ಮೈ ಸಿಲುಕದಂಥ ಉಬ್ಬಿದ ಮುಚ್ಚಳ ಸ್ಕ್ರೂ ಹಾಕಿ ಭದ್ರವಾಗಿರಬೇಕು. ಮುಚ್ಚಳ ಬಿರುಕು ಬಿಟ್ಟರೆ ಅಥವಾ ಕಳಚಿದರೆ ಆ ಕ್ಷಣವೇ ಪಂಪು ನಿಲ್ಲಿಸಿ, ಎಲ್ಲರನ್ನೂ ನೀರಿನಿಂದ ಹೊರಗೆ ಕರೆಯಿರಿ.

ಮಣ್ಣು ಮುಚ್ಚುವ ಮೊದಲು ಪೈಪುಗಳಿಗೆ ಒತ್ತಡ ಕೊಟ್ಟು ಒಂದು ದಿನವಿಡೀ ಬಿಟ್ಟು ಮಾಪಕದ ಮುಳ್ಳು ಇಳಿಯಲಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪ್ರತಿ ಪೈಪಿನ ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಫೋಟೊ ತೆಗೆದಿಟ್ಟುಕೊಳ್ಳಿ. ಈ ಎರಡೂ ಕೆಲಸಕ್ಕೆ ಖರ್ಚೆಂಬುದೇ ಇಲ್ಲ.

ಇಬ್ಬರು ಮಕ್ಕಳ ತಾಯಿ

ಇಷ್ಟು ಹೊತ್ತಿನ ಚರ್ಚೆಯಲ್ಲಿ ಬೇಲಿಯ ಮಾತೇ ಬಂದಿಲ್ಲವೆಂದು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗುವಿದೆ. ನಮ್ಮಲ್ಲಿ ಹಿತ್ತಲಿಗೆ ಮೂರು ಕಡೆ ಎತ್ತರದ ಕಾಂಪೌಂಡ್ ಇತ್ತು, ನಾಲ್ಕನೆಯ ಕಡೆ ಮನೆಯ ಗೋಡೆ. ಅದರಲ್ಲಿ ಅಡುಗೆಮನೆಯ ಬಾಗಿಲು. ಹೊರಗಿನವರ ಮಕ್ಕಳು ಬರದಂತೆ ನೋಡಿಕೊಂಡೆವು. ನಮ್ಮ ಮಗು ಹೋಗುವ ದಾರಿ ತೆರೆದೇ ಇತ್ತು. ಒಂದು ಸಂಜೆ ನಾನು ಫೋನಿನಲ್ಲಿ ಮಾತಾಡುತ್ತಿದ್ದಾಗ ಮೂರು ವರ್ಷದ ಮಗಳು ಆ ಬಾಗಿಲಿನಿಂದ ಹೊರಟು ಕೊಳದ ಮೊದಲ ಮೆಟ್ಟಿಲಿಗೆ ಇಳಿದಿದ್ದಳು. ನಾನು ಕಂಡದ್ದು ಆಕಸ್ಮಿಕವಾಗಿ, ಕಿಟಕಿಯಿಂದ. ಅವಳು ಒಂದು ಸದ್ದೂ ಮಾಡಿರಲಿಲ್ಲ. ನೀರಿನಲ್ಲಿ ಮುಳುಗುವ ಮಗು ಕೂಗುವುದಿಲ್ಲ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ.

ಬೇಲಿ ಕೊಳದ ನಾಲ್ಕೂ ಕಡೆ ಇರಬೇಕು, ಮನೆಯ ಕಡೆಯೂ ಸೇರಿ. ಹಲವು ದೇಶಗಳ ನಿಯಮಗಳು ಕನಿಷ್ಠ 1.2 ಮೀಟರ್ ಎತ್ತರ ಕೇಳುತ್ತವೆ. ಕಂಬಿಗಳ ನಡುವೆ 10 ಸೆಂಟಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಕಾಲಿಟ್ಟು ಹತ್ತಲು ಆಸರೆಯಾಗುವ ಅಡ್ಡಪಟ್ಟಿ, ಹೂಕುಂಡ, ಕುರ್ಚಿ ಬೇಲಿಯ ಹತ್ತಿರವೇ ಇರಬಾರದು. ಗೇಟು ಕೊಳದಿಂದ ಹೊರಮುಖವಾಗಿ ತೆರೆಯಬೇಕು, ಕೈಬಿಟ್ಟೊಡನೆ ತಾನೇ ಮುಚ್ಚಿಕೊಂಡು ಚಿಲಕ ಬೀಳಬೇಕು, ಆ ಚಿಲಕ ನೆಲದಿಂದ 1.5 ಮೀಟರ್ ಎತ್ತರದಲ್ಲಿರಬೇಕು. ಅಡುಗೆಮನೆ ಮತ್ತು ಕೂರುವ ಕೋಣೆಯ ಕಿಟಕಿಯಿಂದ ಕೊಳ ಪೂರ್ತಿ ಕಾಣುವಂತಿರಲಿ, ಆದ್ದರಿಂದ ಬೇಲಿ ಮರೆಮಾಡುವ ಗೋಡೆಯಾಗದಿರಲಿ. ಬೇಲಿಯಿದೆಯೆಂದು ಮಕ್ಕಳನ್ನು ಒಂಟಿಯಾಗಿ ಬಿಡಲು ಬರುವುದಿಲ್ಲ, ಅದು ನಮಗೆ ಕೆಲವು ನಿಮಿಷಗಳನ್ನು ದೊರಕಿಸಿಕೊಡುತ್ತದೆ ಅಷ್ಟೇ. ಈಗಿನ ನಕ್ಷೆಯಲ್ಲಿ ಬೇಲಿಗೆ ಜಾಗ ಇಡದಿದ್ದರೆ ಆಮೇಲೆ ಅದು ಎಲ್ಲೆಲ್ಲೋ ಅಡ್ಡ ಬಂದು, ಕಿತ್ತುಹಾಕಬೇಕೆನ್ನಿಸುತ್ತದೆ.

ವಿದ್ಯುತ್ ಕೆಲಸ ಮಾಡುವವರು

ಸಂಕ್ಷೇಪವಾಗಿ ಹೇಳುತ್ತೇನೆ. ನೀರೊಳಗಿನ ದೀಪಗಳು 12 ವೋಲ್ಟಿನವೇ ಆಗಿರಲಿ. ಪಂಪಿಗೂ ದೀಪದ ಟ್ರಾನ್ಸ್‌ಫಾರ್ಮರಿಗೂ 30 ಮಿಲಿಆಂಪಿಯರ್ ವಿದ್ಯುತ್ ಸೋರಿಕೆಗೇ ತಾನಾಗಿ ಸಂಪರ್ಕ ಕಡಿಯುವ ಸುರಕ್ಷತಾ ಸ್ವಿಚ್ (ಆರ್‌ಸಿಡಿ) ಇರಲಿ. ಕೊಳದ ಕಬ್ಬಿಣದ ಕಂಬಿ, ಹಿಡಿಕಂಬಿ, ಪಂಪಿನ ಮೈ, ಹತ್ತಿರದ ಲೋಹದ ಬೇಲಿ ಎಲ್ಲವನ್ನೂ ಒಂದೇ ತಾಮ್ರದ ತಂತಿಯಿಂದ ಕೂಡಿಸಬೇಕು. ಕಂಬಿಗೆ ತಂತಿ ಕಟ್ಟುವ ಅವಕಾಶ ಕಾಂಕ್ರೀಟ್ ಹಾಕುವ ಹಿಂದಿನ ದಿನದವರೆಗೆ ಮಾತ್ರ. ದೀಪಗಳನ್ನು ಮನೆಯ ಬದಿಯ ಗೋಡೆಯಲ್ಲಿ ಕೂರಿಸಿದರೆ ಬೆಳಕು ಆಚೆಗೆ ಬೀಳುತ್ತದೆ. ಎದುರು ಗೋಡೆಯಲ್ಲಿ ಕೂರಿಸಿದವರು ರಾತ್ರಿ ಮನೆಯೊಳಗೆ ಕೂತರೆ ಕಣ್ಣಿಗೆ ಚುಚ್ಚುತ್ತದೆ. ನೆಲಹಾಸಿನ ಕೆಳಗೆ ಎರಡು ಖಾಲಿ ಪೈಪುಗಳನ್ನು ಹಾಯಿಸಿ ಬಾಯಿ ಮುಚ್ಚಿಡಿ, ಮುಂದೆ ಏನು ಬೇಕಾಗುತ್ತದೋ ಗೊತ್ತಿಲ್ಲ.

ಮರದ ಕೆಳಗೆ ಕೊಳ ಕಟ್ಟಿಸಿದವರು

ನೆರಳು ಬೇಕೆಂದು ಮರದಡಿ ಕಟ್ಟಿಸಿದ್ದು ನಮ್ಮ ಮನೆಯ ದೊಡ್ಡ ತಪ್ಪು. ಎಲೆ, ಹೂವು, ಹಕ್ಕಿಗಳ ಹಿಕ್ಕೆ ದಿನವೂ ನೀರಿಗೆ ಬೀಳುತ್ತವೆ, ಅವುಗಳಿಗೇ ಅರ್ಧ ಕ್ಲೋರಿನ್ ಖರ್ಚಾಗುತ್ತದೆ. ಬಿಸಿಲು ಬೀಳದ ನೀರು ತಣ್ಣಗಿರುತ್ತದೆ. ಬೇಸಿಗೆಯ ಕೆಲವು ವಾರ ಬಿಟ್ಟರೆ ಮಕ್ಕಳು ನಡುಗುತ್ತಾ ಹೊರಬರುತ್ತಾರೆ. ಬೇರುಗಳು ಐದನೆಯ ವರ್ಷಕ್ಕೆ ನೆಲಹಾಸಿನ ಕಲ್ಲುಗಳನ್ನು ಎತ್ತಿದವು. ಮರ ಕಡಿಯಿರಿ ಎಂದು ನಾನು ಹೇಳುವುದಿಲ್ಲ, ನಾವೂ ಕಡಿಯಲಿಲ್ಲ. ಕೊಳವನ್ನು ಸರಿಸಿ. ನೆರಳು ಬೇಕಾದದ್ದು ಕೂರುವ ಜಾಗಕ್ಕೆ, ನೀರಿಗೆ ಬಿಸಿಲು ಬೀಳಲಿ.

ಕೊಳ ಮುಚ್ಚುವ ಹೊದಿಕೆಯ ಬಗ್ಗೆಯೂ ಈಗಲೇ ತೀರ್ಮಾನಿಸಿ. 32 ಚದರ ಮೀಟರ್ ನೀರಿನ ಮೇಲ್ಮೈಯಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 160 ಲೀಟರ್ ನೀರು ಹೋಯಿತು. ಜೊತೆಗೆ ಅದು 100 ಕಿಲೋವ್ಯಾಟ್ ಗಂಟೆಗೂ ಹೆಚ್ಚಿನ ಶಾಖವನ್ನು ಹೊತ್ತೊಯ್ಯುತ್ತದೆ. ಹೊದಿಕೆಯು ಈ ನಷ್ಟವನ್ನು ಬಹುಮಟ್ಟಿಗೆ ತಡೆಯುತ್ತದೆ. ಗುಂಡಿ ಒತ್ತಿದರೆ ಹಳಿಯ ಮೇಲೆ ಸರಿದು ಮುಚ್ಚುವ ಬಗೆಯದಕ್ಕೆ ಎರಡೂ ಬದಿ ಸಮಾನಾಂತರವಾಗಿರಬೇಕು, ಒಂದು ತುದಿಯಲ್ಲಿ ಅದು ಸುತ್ತಿಕೊಳ್ಳುವ ಪೆಟ್ಟಿಗೆಗೆ ಜಾಗ ಬೇಕು. ಬಾಗಿದ ಆಕಾರದ ನಮ್ಮ ಕೊಳಕ್ಕೆ ಅದನ್ನು ಕೂರಿಸಲಾಗಲಿಲ್ಲ. ಈಗ ಇಬ್ಬರು ಸೇರಿ ಎಳೆಯುವ ಹೊದಿಕೆಯಿದೆ, ವಾರಕ್ಕೊಮ್ಮೆಯೂ ಹಾಕುವುದಿಲ್ಲ.

ಪಂಪು ಮತ್ತು ಫಿಲ್ಟರ್ ದುರಸ್ತಿ ಮಾಡುವವರು

ಉಪ್ಪಿನ ಯಂತ್ರವನ್ನು ಹಾಕಿಸಿದರೆ ಕ್ಲೋರಿನ್ ಬೇಡ ಎಂದು ನಿಮಗೂ ಯಾರಾದರೂ ಹೇಳುತ್ತಾರೆ, ಆದ್ದರಿಂದ ಇದನ್ನೂ ಸೇರಿಸುತ್ತೇನೆ. ಆ ಯಂತ್ರ ಲೀಟರಿಗೆ 3 ರಿಂದ 4 ಗ್ರಾಂ ಉಪ್ಪಿರುವ ನೀರಿನಿಂದ ಕ್ಲೋರಿನ್ನನ್ನೇ ತಯಾರಿಸುತ್ತದೆ. ದಿನವೂ ಅಳೆದು ಹಾಕುವ ಕೆಲಸ ತಪ್ಪುತ್ತದೆ, ಅದು ದೊಡ್ಡ ಅನುಕೂಲವೇ. ಆದರೆ ಮೃದುವಾದ ಕಲ್ಲಿನ ಅಂಚುಗಲ್ಲು ಮತ್ತು ಕೀಳು ದರ್ಜೆಯ ಉಕ್ಕಿನ ಹಿಡಿಕಂಬಿ ಉಪ್ಪುನೀರಿಗೆ ತಾಳುವುದಿಲ್ಲ, ಹಾಗಾಗಿ ಕಲ್ಲು ಆರಿಸುವ ಮೊದಲೇ ಈ ನಿರ್ಧಾರ ಆಗಬೇಕು. ಯಾವ ವಿಧಾನವಾದರೂ ನೀರಿನ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 7.2 ರಿಂದ 7.8ರೊಳಗೆ, ಕ್ಲೋರಿನ್ 1 ರಿಂದ 3 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇರುವಂತೆ ನೋಡಿಕೊಳ್ಳಬೇಕು. ಪಿಎಚ್ 7.2ರಲ್ಲಿ ಕ್ಲೋರಿನ್ನಿನ ಮೂರನೇ ಎರಡು ಭಾಗ ಕೆಲಸ ಮಾಡುವ ರೂಪದಲ್ಲಿದ್ದರೆ, 8ಕ್ಕೆ ಏರಿದಾಗ ಕಾಲುಭಾಗ ಮಾತ್ರ ಉಳಿಯುತ್ತದೆ. ರಾಸಾಯನಿಕಗಳಿಗೆ ಗಾಳಿಯಾಡುವ, ಬೀಗವಿರುವ ಕಪಾಟು ಬೇಕು. ಆಮ್ಲವನ್ನೂ ಕ್ಲೋರಿನ್ನನ್ನೂ ಎಂದೂ ಅಕ್ಕಪಕ್ಕ ಇಡಬಾರದು. ಅವೆರಡು ಬೆರೆತರೆ ವಿಷಾನಿಲ ಹೊರಬರುತ್ತದೆ.

ಪ್ರಶ್ನೆ ಕೇಳಿದವರು

ಮೂರು ದಿನ ಎಲ್ಲರ ಮಾತುಗಳನ್ನೂ ಮನೆಯವರೊಡನೆ ಓದಿ ಚರ್ಚಿಸಿದೆವು. ಹಳೆಯ ನಕ್ಷೆಯನ್ನು ಕೈಬಿಟ್ಟಿದ್ದೇವೆ. ಈಗ 8 ಮೀಟರ್ ಉದ್ದ, 4 ಮೀಟರ್ ಅಗಲದ ಆಯತ, ಆಳ 1.1 ರಿಂದ 1.5 ಮೀಟರ್, ಕಿರಿದಾದ ಒಂದು ಬದಿಯ ಹೊರಗೆ ಪ್ರತ್ಯೇಕವಾಗಿ ಚಾಚಿದ ಮೆಟ್ಟಿಲುಗಳು, ಮರದಿಂದ ದೂರ, ನಾಲ್ಕೂ ಕಡೆ ಬೇಲಿ. ಪಂಪಿನ ಕಟ್ಟೆ ಸ್ನಾನದ ಮನೆಯ ಹಿಂಬದಿಗೆ ಹೋಗಿದೆ. ಹಗ್ಗ ಕಟ್ಟಿ ನೋಡಿದಾಗ ಕೂರುವ ಬದಿಯಲ್ಲಿ 3 ಮೀಟರ್ ಉಳಿಯುತ್ತದೆ. ನನ್ನ ತಾಯಿ ಕುರ್ಚಿ ಹಾಕಿಕೊಂಡು ಕೂತು, ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆಂದು ಗುರುತು ಹಾಕಿಸಿದ್ದಾರೆ. ಒಂದೇ ಸಂದೇಹ ಉಳಿದಿದೆ. ಮೆಟ್ಟಿಲಿನ ಪಕ್ಕದಲ್ಲಿ ಚಿಕ್ಕ ಮಗು ಕೂತು ಆಡಲು 25 ಸೆಂಟಿಮೀಟರ್ ನೀರಿರುವ ಜಗಲಿ ಮಾಡಿಸಬೇಕೇ, ಬೇಡವೇ?

ಹನ್ನೆರಡು ವರ್ಷಗಳಿಂದ ಕೊಳವಿರುವ ಮನೆಯವರು

ಮಾಡಿಸಿ. ಮಗು ದೊಡ್ಡದಾದ ಮೇಲೆ ಅಲ್ಲಿ ದೊಡ್ಡವರು ಕಾಲು ಚಾಚಿ ಕೂರುತ್ತಾರೆ. ಅದರ ಮಧ್ಯದಲ್ಲಿ ಕೊಡೆಯ ಕೋಲು ಕೂರಿಸುವ ಕೊಳವೆಯನ್ನು ಕಾಂಕ್ರೀಟಿನೊಳಗೇ ಇಡಿಸಿ, ಅದು ನಮ್ಮಲ್ಲಿಲ್ಲದೆ ನಡು ಮಧ್ಯಾಹ್ನ ಜಗಲಿ ಖಾಲಿ ಇರುತ್ತದೆ.

ಈಜು ಕಲಿಸುವವರು

ನನಗೆ ತುಸು ಹಿಂಜರಿಕೆಯಿದೆ. ಜಗಲಿಯ ಅಂಚಿನಾಚೆ ಒಂದೇ ಹೆಜ್ಜೆಗೆ 1.1 ಮೀಟರ್ ನೀರು ಬರುತ್ತದೆ, ನಾಲ್ಕು ವರ್ಷದ ಮಗುವಿನ ತಲೆ ಅಲ್ಲಿ ಮುಳುಗುತ್ತದೆ. ಮಾಡಿಸುವುದಾದರೆ ಅಂಚಿಗೆ ಗಾಢ ಬಣ್ಣದ ಪಟ್ಟಿ, ಅದರಾಚೆ ಜಗಲಿಯ ಉದ್ದಕ್ಕೂ ಒಂದರ ಕೆಳಗೊಂದು ಎರಡು ಮೆಟ್ಟಿಲು ಇರಲಿ. ಮಗು ಜಗಲಿಯಲ್ಲಿರುವಷ್ಟು ಹೊತ್ತೂ ದೊಡ್ಡವರೊಬ್ಬರು ಕೈಗೆಟುಕುವ ದೂರದಲ್ಲಿ ನೀರಿನಲ್ಲಿಯೇ ಇರಬೇಕು.

ಪ್ರಶ್ನೆ ಕೇಳಿದವರು

ಹಾಗೆಯೇ ಮಾಡಿಸುತ್ತೇವೆ, ಕೊಡೆಯ ಕೊಳವೆಯನ್ನೂ ಎರಡು ಮೆಟ್ಟಿಲುಗಳನ್ನೂ ನಕ್ಷೆಗೆ ಸೇರಿಸಿದೆ. ಅಂತರ್ಜಲದ ಬಗ್ಗೆ ಎಂಜಿನಿಯರ್ ಅವರು ಕೇಳಿದ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮೊದಲು 2 ಮೀಟರ್ ಆಳದ ಒಂದು ಪರೀಕ್ಷಾ ಗುಂಡಿ ತೆಗೆಸಿ, ಮಕ್ಕಳು ಬೀಳದಂತೆ ಅದರ ಮೇಲೆ ಹಲಗೆ ಮುಚ್ಚಿಸಿ, ಈ ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ನೀರಿನ ಮಟ್ಟವನ್ನು ಬರೆದಿಡುತ್ತೇನೆ. ಆ ಅಳತೆಗಳು ಕೈಗೆ ಬಂದ ಮೇಲೆಯೇ ಗುತ್ತಿಗೆದಾರರನ್ನು ಮತ್ತೆ ಕರೆಯುತ್ತೇವೆ.